ಬಂದ ದುಡ್ಡು, ಹೋದ ದುಡ್ಡು

ಬಂಡವಾಳ ಹೂಡಿಕೆದಾರರ ಸಮಾವೇಶ ನಡೆದ ಮಾರನೆಯ ದಿನದ ಪತ್ರಿಕೆಯಲ್ಲಿ ಒಂದು ಫೋಟೊ ಇದ್ದೇ ಇರುತ್ತದೆ. ಇಬ್ಬರು ಸೂಟುಧಾರಿಗಳು, ಅವರ ನಡುವೆ ಒಡಂಬಡಿಕೆಯ ಒಂದು ಫೋಲ್ಡರು. ಅದನ್ನು ಕೊಡುತ್ತಿರುವವರು ಯಾರು, ತೆಗೆದುಕೊಳ್ಳುತ್ತಿರುವವರು ಯಾರು ಎಂದು ದೇವರಾಣೆಗೂ ಹೇಳಲಾಗದ ಹಾಗೆ ನಾಲ್ಕು ಕೈಗಳೂ ಅದರ ಮೇಲಿರುತ್ತವೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕ್ಯಾಮೆರಾ ಕಡೆ ನಗುತ್ತಿರುತ್ತಾರೆ. ಹಿಂದೆ ಮುಖ್ಯಮಂತ್ರಿಗಳು, ಪಕ್ಕದಲ್ಲಿ ಕೈಗಾರಿಕಾ ಮಂತ್ರಿಗಳು, ತುದಿಯಲ್ಲಿ ಅರ್ಧ ಮುಖ ಮಾತ್ರ ಸಿಕ್ಕಿದ ಯಾರೋ ಅಧಿಕಾರಿ. ಎಸ್.ಎಂ. ಕೃಷ್ಣ ಅವರ 2000ದ ಸಮಾವೇಶ, ಯಡಿಯೂರಪ್ಪನವರ 2010ರದು, ಬೊಮ್ಮಾಯಿಯವರ 2022ರದು, ಸಿದ್ದರಾಮಯ್ಯನವರ 2025ರದು, ಯಾವುದನ್ನೇ ತೆಗೆದುಕೊಳ್ಳಿ. ಪಕ್ಷ ಬದಲಾಗಿರಬಹುದು, ನಗು ಬದಲಾಗಿಲ್ಲ.

ಫೋಟೊದ ಕೆಳಗಿನ ಅಂಕಿ ಮಾತ್ರ ಬೆಳೆಯುತ್ತಲೇ ಇದೆ. 2022ರಲ್ಲಿ 9.8 ಲಕ್ಷ ಕೋಟಿ ರೂಪಾಯಿ ಅಂದರು. 2025ರ ಫೆಬ್ರುವರಿಯಲ್ಲಿ 10.27 ಲಕ್ಷ ಕೋಟಿ ಅಂದರು. ಮುಂದಿನ ತಿಂಗಳು ಸಿದ್ದರಾಮಯ್ಯನವರು ಗಂಟೆಗಟ್ಟಲೆ ನಿಂತು ಓದಿದ ರಾಜ್ಯ ಬಜೆಟ್ಟಿನ ಗಾತ್ರ 4.09 ಲಕ್ಷ ಕೋಟಿ. ಇಡೀ ಸರ್ಕಾರ ಎರಡೂವರೆ ವರ್ಷ ಖರ್ಚು ಮಾಡುವಷ್ಟು ದುಡ್ಡು ಅರಮನೆ ಮೈದಾನದ ಪೆಂಡಾಲಿನೊಳಗೆ ಒಂದೇ ವಾರದಲ್ಲಿ ಫೋಲ್ಡರು ಸೇರಿತು. ಅದರಲ್ಲಿ ಹೊರದೇಶದ್ದೂ ಇದೆ, ನಮ್ಮವರದ್ದೂ ಇದೆ. ಫೋಟೊದಲ್ಲಿ ಮುಂದೆ ನಿಲ್ಲಿಸುವುದು ಹೊರದೇಶದವರನ್ನು.

ನಮ್ಮ ಬೀದಿಯಲ್ಲಿ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರರಿದ್ದಾರೆ. ಮಂಗಳೂರಿನ ಕಡೆಯವರು, ಬ್ಯಾಂಕು ಮತ್ತು ಮೀನು ಎರಡರಲ್ಲೂ ಅವರ ಮಾತಿಗೆ ಎದುರು ಹೇಳುವವರು ನಮ್ಮ ಬೀದಿಯಲ್ಲಿಲ್ಲ. ಬೆಳಗಿನ ವಾಕಿಂಗ್ ಮುಗಿಸಿ ದರ್ಶಿನಿಯ ಎದುರು ನಿಂತು ಕಾಫಿ ಕುಡಿಯುವಾಗ ಅವರಿಗೆ ಈ ಫೋಟೊ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಮಾಸ್ಟ್ರೇ, ನಾವು ಸಾಲ ಮಂಜೂರಾದದ್ದನ್ನು ಒಂದು ಕಾಲಂನಲ್ಲಿ ಬರೀತಿದ್ದೆವು, ಬಟವಾಡೆ ಆದದ್ದನ್ನು ಇನ್ನೊಂದರಲ್ಲಿ. ಎರಡನ್ನೂ ಒಂದೇ ಕಾಲಂನಲ್ಲಿ ಬರೆದವ ಒಬ್ಬನಿದ್ದ. ಅವನನ್ನು ಸಸ್ಪೆಂಡ್ ಮಾಡಿದರು ಮಾರಾಯ್ರೆ" ಎಂದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ನಮ್ಮ ಕಡೆ ಹೇಳುವುದನ್ನು ಅವರು ಬ್ಯಾಂಕಿನ ಭಾಷೆಯಲ್ಲಿ ಹೇಳಿದ್ದರು, ಅಷ್ಟೇ.

ಹೋಗಲಿ, ನಿಜಕ್ಕೂ ಬಟವಾಡೆಯಾದ ಹೊರನಾಡಿನ ದುಡ್ಡಿನ ವಿಚಾರಕ್ಕೆ ಬರೋಣ. ಇದಕ್ಕೆ ಎಫ್‌ಡಿಐ ಎನ್ನುತ್ತಾರೆ, ವಿದೇಶಿ ನೇರ ಹೂಡಿಕೆ. ಕಂಪನಿಯಲ್ಲಿ ಶೇ 10 ಅಥವಾ ಅದಕ್ಕಿಂತ ಹೆಚ್ಚು ಪಾಲು ಹಿಡಿದರೆ ಅದು ನೇರ ಹೂಡಿಕೆ. ಅದಕ್ಕಿಂತ ಕಡಿಮೆಯಾಗಿ ಷೇರುಪೇಟೆಯಲ್ಲಿ ಕೊಂಡು ಮಾರುತ್ತಿದ್ದರೆ ಪೋರ್ಟ್‌ಫೋಲಿಯೊ. ಎರಡನೆಯವನು ಬೀಗರೂಟಕ್ಕೆ ಬಂದ ನೆಂಟ. ಪಾಯಸ ಬರುವವರೆಗೆ ಕೂತಾನು, ಸಾರಿಗೆ ಉಪ್ಪು ಜಾಸ್ತಿಯಾದರೆ ಎದ್ದು ಹೋದಾನು, ಯಾರೂ ತಡೆಯುವಂತಿಲ್ಲ. ಮೊದಲನೆಯವನು ಮನೆ ಅಳಿಯ. ಹೊಲ ನೋಡುತ್ತಾನೆ, ಬಾವಿಯ ಆಳ ಕೇಳುತ್ತಾನೆ, ಮಾವನ ಲೆಕ್ಕದ ಪುಸ್ತಕ ತಿರುವುತ್ತಾನೆ, ಆಮೇಲೆ ಜಗಲಿಯಲ್ಲಿ ಮಾವ ಕೂರುತ್ತಿದ್ದ ಜಾಗದಲ್ಲೇ ಕೂರುತ್ತಾನೆ. ಆದರೂ ಅರ್ಥಶಾಸ್ತ್ರಜ್ಞರಿಗೆಲ್ಲ ಅಳಿಯನ ಮೇಲೇ ಪ್ರೀತಿ. ಬೇಗ ಎದ್ದು ಹೋಗಲಾರ ಎಂಬುದೇ ಅವನ ದೊಡ್ಡ ಗುಣ. ಇನ್ನೊಂದು ಸಂಗತಿ ಹೇಳಿಬಿಡಬೇಕು: ವಿದೇಶಿ ಕಂಪನಿ ಇಲ್ಲಿಯೇ ಸಂಪಾದಿಸಿದ ಲಾಭವನ್ನು ಇಲ್ಲಿಯೇ ಮತ್ತೆ ತೊಡಗಿಸಿದರೂ ರಿಸರ್ವ್ ಬ್ಯಾಂಕಿನ ಪುಸ್ತಕದಲ್ಲಿ ಅದು ವಿದೇಶಿ ಹೂಡಿಕೆಯೇ. ನಾವು ಕೊಂಡ ಸೋಪಿನ ಲಾಭವೂ ಒಂದು ಸುತ್ತು ಕಾಗದದ ಮೇಲೆ ಸಮುದ್ರ ದಾಟಿ ಬರುತ್ತದೆ.

ನಮ್ಮ ನಾಡಿನ ಹಳೆಯ ವಿದೇಶಿ ಹೂಡಿಕೆ ಯಾವುದು ಎಂದು ಮ್ಯಾನೇಜರರಿಗೂ ನನಗೂ ಒಂದು ತೀರದ ವ್ಯಾಜ್ಯವಿದೆ. ಅವರು ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ತೆರೆದ ಹೆಂಚಿನ ಕಾರ್ಖಾನೆ ಎನ್ನುತ್ತಾರೆ. ನಾನು ಕೋಲಾರದ ಕಡೆಯವನು, ಹಾಗಾಗಿ ಚಿನ್ನದ ಗಣಿ ಎನ್ನುತ್ತೇನೆ. ವರ್ಷದ ಲೆಕ್ಕದಲ್ಲಿ ಅವರೇ ಗೆಲ್ಲುತ್ತಾರೆ. ಆದರೆ ಹೆಂಚನ್ನೂ ಚಿನ್ನವನ್ನೂ ಸಮ ಮಾಡಲು ನಾನು ಒಪ್ಪುವುದಿಲ್ಲ.

ಆ ಗಣಿಯ ಕತೆಯಲ್ಲಿ ಇವತ್ತಿನ ಕೋರಮಂಗಲದ ಸ್ಟಾರ್ಟಪ್ ಹುಡುಗರು ಕಲಿಯಬೇಕಾದ್ದು ಬಹಳ ಇದೆ. ಮೈಕೇಲ್ ಲ್ಯಾವೆಲ್ ಎಂಬ ಐರಿಷ್ ಸಿಪಾಯಿ ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ. ಕೋಲಾರದ ಸೀಮೆಯ ಮಣ್ಣಿನಲ್ಲಿ ಚಿನ್ನವಿದೆ ಎಂದು ಲೆಫ್ಟಿನೆಂಟ್ ವಾರೆನ್ ಎಂಬಾತ ಬಹಳ ಹಿಂದೆ ಬರೆದಿದ್ದ ಲೇಖನ ಅವನ ಕಣ್ಣಿಗೆ ಬಿತ್ತು. 1870ರ ದಶಕದಲ್ಲಿ ಅಲೆದಾಡಿ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ. ಅಗೆಯಲು ದುಡ್ಡಿರಲಿಲ್ಲ, ಪರವಾನಗಿಯ ಕಾಗದವನ್ನೇ ದುಡ್ಡಿದ್ದವರಿಗೆ ದಾಟಿಸಿದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂತು, ಯಂತ್ರ ಬಂತು, ಚಿನ್ನವೂ ಬಂತು. ಲ್ಯಾವೆಲ್‌ಗೆ ಗಣಿಯಲ್ಲಿ ಸಿಕ್ಕಿದ್ದು ಎಷ್ಟೋ, ಬೆಂಗಳೂರಿನಲ್ಲಿ ಒಂದು ರಸ್ತೆಯ ಹೆಸರಂತೂ ಸಿಕ್ಕಿತು. ಇವತ್ತು ಲ್ಯಾವೆಲ್ ರಸ್ತೆಯ ಒಂದು ಕಪ್ ಕಾಫಿಯ ಬೆಲೆ ನೋಡಿದರೆ ಅಲ್ಲಿ ಈಗಲೂ ಚಿನ್ನ ತೆಗೆಯುತ್ತಿದ್ದಾರೆ ಎಂಬ ಅನುಮಾನ ಬರುತ್ತದೆ.

ಷೇರುದಾರರು ಲಂಡನ್ನಿನಲ್ಲಿ, ಕೂಲಿಗಳು ಉರಿಗಾಂ, ಮಾರಿಕುಪ್ಪಂಗಳಲ್ಲಿ. ಮೈಸೂರು ಸರ್ಕಾರಕ್ಕೆ ರಾಯಧನ. ಇಷ್ಟೇ ಆಗಿದ್ದರೆ ಬೈದು ಮುಗಿಸಬಹುದಿತ್ತು. ಆದರೆ ಆ ಗಣಿಯ ಯಂತ್ರಗಳಿಗೆಂದೇ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ತಂತಿ ಎಳೆದರು. ಬೆಂಗಳೂರಿನ ಬೀದಿದೀಪ ಹೊತ್ತಿದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಲಂಡನ್ನಿನ ಷೇರುದಾರನ ಆಸೆ ಇಲ್ಲದಿದ್ದರೆ ನಮ್ಮ ನಾಡಿಗೆ ಕರೆಂಟು ಇನ್ನೆಷ್ಟು ತಡವಾಗಿ ಬರುತ್ತಿತ್ತೋ. ಸುಮಾರು 800 ಟನ್ ಚಿನ್ನ ಕೊಟ್ಟ ಗಣಿ 1956ರಲ್ಲಿ ಸರ್ಕಾರದ್ದಾಯಿತು, 2001ರಲ್ಲಿ ಮುಚ್ಚಿತು. ಈಗ ಅಲ್ಲಿ ಉಳಿದಿರುವುದು ಸೈನೈಡ್ ಮಣ್ಣಿನ ಗುಡ್ಡಗಳು, ಗಾಳಿ ಬೀಸಿದರೆ ಊರ ತುಂಬ ಅದರ ದೂಳು, ಮತ್ತು ಬೆಳಗಾದರೆ ಬೆಂಗಳೂರಿನ ರೈಲು ಹಿಡಿಯಲು ಓಡುವ ಗಣಿ ಕಾರ್ಮಿಕರ ಮಕ್ಕಳು ಮೊಮ್ಮಕ್ಕಳು. ಚಿನ್ನ ಎಷ್ಟು ಟನ್ ಹೋಯಿತು ಎಂಬುದಕ್ಕೆ ದಾಖಲೆ ಇದೆ. ದೂಳಿನ ತೂಕ ಯಾರ ಪುಸ್ತಕದಲ್ಲೂ ಇಲ್ಲ. ವಿದೇಶಿ ಬಂಡವಾಳದ ಮಾತು ಬಂದಾಗಲೆಲ್ಲ ನನಗೆ ಬರುವ ಪ್ರಶ್ನೆ ಇದೊಂದೇ: ಬಂದವರು ಎಷ್ಟು ತಂದರು ಎಂಬುದು ಹಾಗಿರಲಿ, ಎದ್ದು ಹೋದ ಮೇಲೆ ಏನು ಉಳಿಯಿತು?

ಉಳಿಸಿದವರೂ ಇದ್ದಾರೆ. ನನ್ನ ಸೋದರಮಾವ ಮೈಕೋದಲ್ಲಿದ್ದರು. ಮೈಕೋ ಎಂದರೆ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಜರ್ಮನಿಯ ಬಾಷ್‌ನವರು 1951ರಲ್ಲಿ ಕಟ್ಟಿದ್ದು. ಆಡುಗೋಡಿಯ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು ತಯಾರಾಗುತ್ತಿದ್ದವು. ಅಪ್ರೆಂಟಿಸ್ ಆಗಿ ಸೇರಿದ ಹುಡುಗನಿಗೆ ಮೊದಲು ಯಂತ್ರ ಮುಟ್ಟಲು ಬಿಡುತ್ತಿರಲಿಲ್ಲ. ಒಂದು ಕಬ್ಬಿಣದ ತುಂಡು, ಒಂದು ಅರ ಕೊಟ್ಟು, ನಾಲ್ಕು ಮಗ್ಗುಲೂ ಕರಾರುವಾಕ್ಕಾಗಿ ಚೌಕವಾಗುವವರೆಗೆ ಉಜ್ಜು ಎನ್ನುತ್ತಿದ್ದರಂತೆ. ಮಾವ ಮುದುಕರಾದ ಮೇಲೂ ಮನೆಯ ಬಾಗಿಲು ಸ್ವಲ್ಪ ವಾಲಿದರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಮದುವೆ ಸಂಬಂಧ ನೋಡುವಾಗ "ಹುಡುಗ ಮೈಕೋ" ಎಂದರೆ ಸಾಕು, ಜಾತಕ ಆಮೇಲೆ. ಅಲ್ಲಿ, ಎಚ್‌ಎಂಟಿಯಲ್ಲಿ, ಐಟಿಐಯಲ್ಲಿ ಕೈ ಪಳಗಿಸಿಕೊಂಡವರು ಎಷ್ಟೋ ಜನ ಪೀಣ್ಯದಲ್ಲಿ ಒಂದು ಶೆಡ್ಡು, ಒಂದು ಲೇತು ಹಾಕಿಕೊಂಡು ಸ್ವಂತ ಯಜಮಾನರಾದರು. ಲಾಭ ಜರ್ಮನಿಗೆ ಹೋಗಿರಬಹುದು. ಆ ಕೈ ಮಾತ್ರ ಇಲ್ಲೇ ಉಳಿಯಿತು. ಕಂಪನಿ 2008ರಲ್ಲಿ ಹೆಸರು ಬದಲಿಸಿ ಬಾಷ್ ಲಿಮಿಟೆಡ್ ಆಯಿತು, ತಯಾರಿಕೆ ಬಿಡದಿಯ ಕಡೆ ಹೋಯಿತು, ಆಡುಗೋಡಿಯಲ್ಲಿ ಈಗ ಕಂಪ್ಯೂಟರು ಮುಂದೆ ಕೂರುವ ಎಂಜಿನಿಯರುಗಳಿದ್ದಾರೆ. ಆದರೆ ಮೈಕೋ ಲೇಔಟ್ ಮೈಕೋ ಲೇಔಟೇ. ಅದನ್ನು ವಿದೇಶಿ ಹೆಸರು ಎಂದು ಬದಲಿಸಿ ಎಂದು ಇದುವರೆಗೆ ಯಾರೂ ಅರ್ಜಿ ಕೊಟ್ಟಿಲ್ಲ. ನಾನು ಐಡಿಯಾ ಕೊಡುತ್ತಿಲ್ಲ.

ಎದ್ದು ಹೋಗಿ ಎಂದು ನಾವೇ ಹೇಳಿದ ಕಾಲವೂ ಒಂದಿತ್ತು. 1973ರ ಫೆರಾ ಕಾಯ್ದೆ ವಿದೇಶಿ ಕಂಪನಿಗಳ ಪಾಲನ್ನು ಸಾಮಾನ್ಯವಾಗಿ ಶೇ 40ಕ್ಕೆ ಇಳಿಸಬೇಕು ಎಂದಿತು. 1977ರಲ್ಲಿ ಜನತಾ ಸರ್ಕಾರ ಬಂದು, ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಕೈಗಾರಿಕಾ ಮಂತ್ರಿಯಾಗಿ, ಕಾಯ್ದೆ ಎಂದರೆ ಕಾಯ್ದೆ ಎಂದರು. ಕೋಕಾ ಕೋಲಾ ತನ್ನ ಸೂತ್ರದ ಗುಟ್ಟು ಬಿಡಲಾರೆ ಎಂದು ಗಂಟುಮೂಟೆ ಕಟ್ಟಿತು. ಐಬಿಎಂ 1978ರಲ್ಲಿ ಹೋಯಿತು. (ಫರ್ನಾಂಡಿಸರ ಹೆಸರೆತ್ತಿದಾಗ ಮ್ಯಾನೇಜರರು ಎದೆ ಉಬ್ಬಿಸಬೇಕೋ ತಲೆ ತಗ್ಗಿಸಬೇಕೋ ತಿಳಿಯದೆ ಕಾಫಿ ಲೋಟ ನೋಡುತ್ತಾರೆ.) ಉಳಿದ ಹಲವರು ಜಾಣರು, ಪಾಲು ಇಳಿಸಿ, ಷೇರುಗಳನ್ನು ಕಡಿಮೆ ಬೆಲೆಗೆ ಭಾರತೀಯರಿಗೆ ಮಾರಿ ಇಲ್ಲೇ ಕೂತರು. ಬೆಳಿಗ್ಗೆ ಎದ್ದು ನಂಜನಗೂಡು ಹಲ್ಲುಪುಡಿಯಲ್ಲಿ ಹಲ್ಲುಜ್ಜಿ, ಆಮೇಲೆ ಬ್ಯಾಂಕಿಗೆ ಹೋಗಿ ಕೋಲ್ಗೇಟ್ ಷೇರಿಗೆ ಅರ್ಜಿ ಹಾಕಿದ ಗುಮಾಸ್ತರ ಮಕ್ಕಳು ಈಗ ಆ ಷೇರಿನ ಮೇಲೆ ಮನೆ ಕಟ್ಟಿಸಿದ್ದಾರೆ. ಸ್ವದೇಶಿಯಿಂದ ನಿಜವಾದ ಲಾಭ ಪಡೆದವರು ಇವರು ಎಂದು ನನ್ನ ಅಭಿಪ್ರಾಯ.

ಕೋಕ್ ಹೋದ ಜಾಗಕ್ಕೆ ಸರ್ಕಾರವೇ ಒಂದು ಪಾನೀಯ ತಂದಿತು. 1977ರ ನೆನಪಿಗೆ ಹೆಸರು ಡಬಲ್ ಸೆವೆನ್. ಸೂತ್ರ ಕಂಡುಹಿಡಿದದ್ದು ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ, ತಯಾರಿಸಿದ್ದು ಬ್ರೆಡ್ಡು ಮಾಡುತ್ತಿದ್ದ ಸರ್ಕಾರಿ ಕಂಪನಿ ಮಾಡರ್ನ್. ಇದರ ಮುಂದಿನ ಕತೆ ಕೇಳಿ. ಡಬಲ್ ಸೆವೆನ್ ಮಾರಾಟವಾಗಲಿಲ್ಲ, ಪಾರ್ಲೆಯ ಥಮ್ಸ್ ಅಪ್ ಗೆದ್ದಿತು. 1993ರಲ್ಲಿ ಕೋಕಾ ಕೋಲಾ ಮರಳಿ ಬಂದು ಥಮ್ಸ್ ಅಪ್ಪನ್ನೇ ಕೊಂಡಿತು. 2000ದಲ್ಲಿ ಸರ್ಕಾರ ಮಾಡರ್ನ್ ಕಂಪನಿಯನ್ನು ಮಾರಲು ಹೊರಟಾಗ ಕೊಂಡದ್ದು ಹಿಂದೂಸ್ತಾನ್ ಲೀವರ್. ಅವರು ಸಾಕಾಗಿ ಸಿಂಗಪುರದ ಹೂಡಿಕೆದಾರರಿಗೆ ದಾಟಿಸಿದರು, 2021ರಲ್ಲಿ ಅದು ಮೆಕ್ಸಿಕೊದ ಗ್ರೂಪೊ ಬಿಂಬೊ ಕೈಗೆ ಬಂತು. ಅಮೆರಿಕದ ಕಂಪನಿಯ ಜಾಗ ತುಂಬಲು ನಿಂತ ಸರ್ಕಾರಿ ಬ್ರೆಡ್ಡು ಈಗ ಮೆಕ್ಸಿಕೊದ್ದು. ನಾಳೆ ಬೆಳಿಗ್ಗೆ ಟೋಸ್ಟ್ ಮಾಡುವಾಗ ನೆನಪಿಸಿಕೊಳ್ಳಿ.

1991ರ ಕತೆ ಎಲ್ಲರಿಗೂ ಗೊತ್ತು, ಬೇಗ ಹೇಳಿ ಮುಗಿಸುತ್ತೇನೆ. ಖಜಾನೆಯಲ್ಲಿ ಎರಡು ಮೂರು ವಾರದ ಆಮದಿಗೆ ಸಾಲುವಷ್ಟೇ ಡಾಲರು. ಕೋಲಾರದ ಚಿನ್ನ ಒಂದು ಕಾಲಕ್ಕೆ ಹಡಗಿನಲ್ಲಿ ಹೋದ ಲಂಡನ್ನಿಗೇ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನ ವಿಮಾನದಲ್ಲಿ ಅಡವಿಗೆ ಹೋಯಿತು. ಜುಲೈ 24ರಂದು ಮನಮೋಹನ್ ಸಿಂಗ್ ಬಜೆಟ್ ಓದಿದರು. ಅದೇ ದಿನದ ಕೈಗಾರಿಕಾ ನೀತಿಯಲ್ಲಿ 34 ಉದ್ದಿಮೆಗಳಿಗೆ ಶೇ 51ರವರೆಗೆ ವಿದೇಶಿ ಪಾಲು, ಕೇಳದೆಯೇ ಒಪ್ಪಿಗೆ. ಆ ವರ್ಷ ಬಂದ ವಿದೇಶಿ ನೇರ ಹೂಡಿಕೆ ಸುಮಾರು 12.9 ಕೋಟಿ ಡಾಲರ್. ಮೂವತ್ತು ವರ್ಷದ ಮೇಲೆ, 2021–22ರಲ್ಲಿ, ಅದು 8,480 ಕೋಟಿ ಡಾಲರ್ ಮುಟ್ಟಿತು. ಆ ವರ್ಷ ರಾಜ್ಯಗಳ ಪೈಕಿ ಮೊದಲ ಸ್ಥಾನ ಕರ್ನಾಟಕದ್ದು. ಅರ್ಜಿ ಪರಿಶೀಲಿಸಿ ಒಪ್ಪಿಗೆ ಕೊಡಲು ಇದ್ದ ಮಂಡಳಿಯನ್ನು 2017ರಲ್ಲಿ ಮುಚ್ಚಿದರು. ಹರಿವ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಯಾಕೆ ಎಂದು ಸರ್ಕಾರಕ್ಕೆ ಅನ್ನಿಸಿರಬೇಕು. 2020ರಲ್ಲಿ ನೆಲಗಡಿ ಹಂಚಿಕೊಂಡ ದೇಶಗಳಿಂದ ಬರುವ ದುಡ್ಡಿಗೆ ಮತ್ತೆ ಅಪ್ಪಣೆ ಬೇಕು ಎಂದರು. ಎಲ್ಲ ನೀರೂ ಒಂದೇ ಅಲ್ಲವಲ್ಲ, ಮನಸ್ಸಿನಲ್ಲಿದ್ದದ್ದು ಚೀನಾ. ವಿಮೆಯಲ್ಲಿ ವಿದೇಶಿ ಪಾಲಿನ ಮಿತಿ ಶೇ 26 ಇದ್ದದ್ದು 49 ಆಯಿತು, 74 ಆಯಿತು, 2025ರ ಬಜೆಟ್ಟಿನಲ್ಲಿ 100 ಎಂದರು.

ಈ ಬಾಗಿಲು ತೆರೆದಾಗ ಇಡೀ ದೇಶದಲ್ಲಿ ಜೋರಾಗಿ ಗದ್ದಲ ಎದ್ದ ಊರುಗಳಲ್ಲಿ ಬೆಂಗಳೂರೂ ಒಂದು. ಎಬ್ಬಿಸಿದವರು ರೈತ ಸಂಘದ ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿ. 1992ರ ಡಿಸೆಂಬರಿನಲ್ಲಿ ರೈತ ಸಂಘದವರು ಬೀಜದ ಕಂಪನಿ ಕಾರ್ಗಿಲ್‌ನ ಬೆಂಗಳೂರು ಕಚೇರಿಗೆ ನುಗ್ಗಿ ಕಡತಗಳನ್ನು ಹೊರಗೆಸೆದು ಬೆಂಕಿ ಹಚ್ಚಿದರು. ಮರುವರ್ಷ ಬಳ್ಳಾರಿಯಲ್ಲಿ ಅದರ ಘಟಕದ ಮೇಲೆ ಹೋದರು. 1995ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಎಫ್‌ಸಿ ಭಾರತದ ತನ್ನ ಮೊದಲ ಅಂಗಡಿ ತೆರೆಯಿತು. 1996ರ ಜನವರಿ 30ರಂದು, ಗಾಂಧೀಜಿ ಹುತಾತ್ಮರಾದ ದಿನ ನೋಡಿ, ರೈತ ಸಂಘದ ಹಸಿರು ಶಾಲಿನವರು ಅಲ್ಲಿಗೂ ನುಗ್ಗಿದರು. ಗಾಜು ಒಡೆದರೆ ಅಹಿಂಸೆ ಹೇಗಾಯಿತು ಎಂದು ಕೇಳಿದವರಿಗೆ ಪ್ರೊಫೆಸರರ ಬಳಿ ಉತ್ತರ ಸಿದ್ಧವಿರುತ್ತಿತ್ತು: ಅಹಿಂಸೆ ಇರುವುದು ಜೀವಿಗಳಿಗೆ, ನಿರ್ಜೀವ ವಸ್ತುಗಳಿಗಲ್ಲ ಎಂಬ ಧಾಟಿಯದು. ಗಾಜು ಒಡೆದದ್ದು ನನಗೆ ಸರಿ ಕಾಣುವುದಿಲ್ಲ. ಆದರೆ ಬೀಜದ ಮೇಲೆ ಹಕ್ಕು ಯಾರದು ಎಂಬ ಅವರ ಪ್ರಶ್ನೆ ಕೋಳಿಯ ಪ್ರಶ್ನೆಗಿಂತ ದೊಡ್ಡದು, ಅದಕ್ಕೆ ಈಗಲೂ ಉತ್ತರ ಸಿಕ್ಕಿಲ್ಲ.

ಆಮೇಲೆ ಏನಾಯಿತು? ಕೋಳಿ ಅಂಗಡಿ ಮುಚ್ಚಲಿಲ್ಲ. ಕಾರ್ಗಿಲ್ ಬೀಜದ ವ್ಯಾಪಾರವನ್ನು ಮಾನ್ಸಾಂಟೊಗೆ ಮಾರಿತು, ಆದರೆ ನಾಡು ಬಿಡಲಿಲ್ಲ. ಮೆಕ್ಕೆಜೋಳ ಹೇರಳವಾಗಿ ಬೆಳೆಯುವ ದಾವಣಗೆರೆಯ ಕಡೆ ದೊಡ್ಡದೊಂದು ಜೋಳ ಸಂಸ್ಕರಣಾ ಕಾರ್ಖಾನೆ ಹಾಕಿ ಕೂತಿದೆ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ. ಅಪ್ಪನ ಹೆಗಲ ಮೇಲೆ ಹಸಿರು ಶಾಲು ಇದ್ದ ಮನೆಯ ಮಗ ಈಗ ಟ್ರ್ಯಾಕ್ಟರಿನಲ್ಲಿ ಜೋಳ ತುಂಬಿಕೊಂಡು ಹೋಗುವಾಗ ಕೇಳುವುದು ಕ್ವಿಂಟಲ್‌ಗೆ ಎಷ್ಟು ಎಂಬುದನ್ನು ಮಾತ್ರ. ಇದರಲ್ಲಿ ನಗಲು ಏನೂ ಇಲ್ಲ. ರೈತ ಕೇಳಬೇಕಾದ ಪ್ರಶ್ನೆಗಳಲ್ಲಿ ಅದೂ ಒಂದು.

ಬಂದವರ ಕತೆಗಿಂತ ಬಾರದವರ ಕತೆ ಕೆಲವೊಮ್ಮೆ ದುಬಾರಿ. 2010ರ ಸಮಾವೇಶದ ದೊಡ್ಡ ಫೋಲ್ಡರುಗಳಲ್ಲಿ ಎರಡು ಉಕ್ಕಿನವು. ಕೊರಿಯಾದ ಪೋಸ್ಕೊ ಗದಗ ಜಿಲ್ಲೆಯ ಹಳ್ಳಿಗುಡಿಯಲ್ಲಿ ಕಾರ್ಖಾನೆ ಮಾಡುವುದಿತ್ತು, 32 ಸಾವಿರ ಕೋಟಿ ರೂಪಾಯಿಯ ಮಾತು. ಹೊಲದವರು ಒಪ್ಪಲಿಲ್ಲ. ತೋಂಟದ ಸಿದ್ಧಲಿಂಗ ಸ್ವಾಮೀಜಿ ಅವರ ಜತೆ ಬೀದಿಗಿಳಿದರು. ಗದುಗಿನ ಸ್ವಾಮಿಗಳು ಬೀದಿಗಿಳಿದರೆ ಬೆಂಗಳೂರಿಗೆ ಕೇಳಿಸುತ್ತದೆ. 2011ರಲ್ಲಿ ಸರ್ಕಾರ ಕೈಬಿಟ್ಟಿತು, 2013ರಲ್ಲಿ ಪೋಸ್ಕೊ ತಾನೂ ಹೊರಟೆ ಎಂದಿತು. ಹಳ್ಳಿಗುಡಿಯವರಿಗೆ ಹೊಲ ಉಳಿಯಿತು. ಬಳ್ಳಾರಿಯ ಕುಡುತಿನಿಯವರ ಹಣೆಬರಹ ಹಾಗಿರಲಿಲ್ಲ. ಆರ್ಸೆಲರ್ ಮಿತ್ತಲ್ ಕಾರ್ಖಾನೆಗೆಂದು ಕೆಐಎಡಿಬಿ ನೋಟಿಸ್ ಬಂತು, ಜಮೀನು ಹೋಯಿತು, ಪಹಣಿಯಲ್ಲಿ ಹೆಸರು ಬದಲಾಯಿತು, ಕುಲುಮೆ ಮಾತ್ರ ಏಳಲಿಲ್ಲ. ಕೆಲಸವೂ ಇಲ್ಲ, ಹೊಲವೂ ಇಲ್ಲ ಎಂದು ಅಲ್ಲಿನವರು 2022ರ ಕೊನೆಯಲ್ಲಿ ಧರಣಿ ಕೂತರು. ಒಡಂಬಡಿಕೆಗೆ ಕಂಪನಿ ಬದ್ಧವಲ್ಲ. ಆದರೆ ಆ ಒಡಂಬಡಿಕೆ ನಂಬಿ ಹೊರಡಿಸಿದ ಅಧಿಸೂಚನೆಗೆ ರೈತ ಬದ್ಧ. ಈ ಏರ್ಪಾಟನ್ನು ಯಾರು ಕಂಡುಹಿಡಿದರೋ, ಅವರ ಹೆಸರಿನಲ್ಲಿ ಇನ್ನೂ ಒಂದು ರಸ್ತೆ ಇಲ್ಲ.

ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯವರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತು, ವಿಮಾನದ ಉದ್ದಿಮೆಗೆಂದು ಸರ್ಕಾರ ಗುರುತಿಸಿದ್ದ 1,777 ಎಕರೆ ಬಿಡಿಸಿಕೊಂಡರು, 2025ರ ಜುಲೈಯಲ್ಲಿ. ಸಿದ್ದರಾಮಯ್ಯನವರು ಕೈಬಿಟ್ಟೆವು ಎಂದ ಬೆನ್ನಿಗೇ ಆಂಧ್ರದ ಮಂತ್ರಿ ನಾರಾ ಲೋಕೇಶ್, ನಮ್ಮಲ್ಲಿ 8,000 ಎಕರೆ ಸಿದ್ಧವಿದೆ, ವಿಮಾನದ ಕಂಪನಿಗಳು ಇತ್ತ ಬನ್ನಿ ಎಂದು ಮೊಬೈಲಿನಿಂದಲೇ ಕರೆದರು. ಹಿಂದೆ ರಾಜರು ಗಡಿ ದಾಟಿ ಹಸು ಹೊಡೆದುಕೊಂಡು ಹೋಗುತ್ತಿದ್ದರು. ಈಗಿನವರು ಹೂಡಿಕೆದಾರರನ್ನು ಹೊಡೆದುಕೊಂಡು ಹೋಗುತ್ತಾರೆ. ವೀರಗಲ್ಲು ನಿಲ್ಲಿಸುವ ಪದ್ಧತಿ ಹೋಗಿದ್ದೇ ವಾಸಿ.

ಇನ್ನು ಈ ದುಡ್ಡು ಬರುವುದಾದರೂ ಎಲ್ಲಿಂದ? ಅಮೆರಿಕ, ಜಪಾನ್ ಎಂದು ನೀವು ಊಹಿಸಿದರೆ ಅದು ತಪ್ಪಲ್ಲ, ಆದರೆ ಪಟ್ಟಿಯ ತಲೆಯಲ್ಲಿರುವುದು ಸಿಂಗಪುರ ಮತ್ತು ಮಾರಿಷಸ್. ಮಾರಿಷಸ್ಸಿನ ಜನಸಂಖ್ಯೆ ಹದಿಮೂರು ಲಕ್ಷದ ಒಳಗೆ. ನಮ್ಮ ತುಮಕೂರು ಜಿಲ್ಲೆಯ ಅರ್ಧದಷ್ಟು. ಕಬ್ಬು ಬೆಳೆಯುವ ಆ ದ್ವೀಪ 2000ದಿಂದ ಈಚೆಗೆ ಭಾರತಕ್ಕೆ ಬಂದ ಬಂಡವಾಳದ ಸುಮಾರು ಕಾಲು ಪಾಲು ಹೂಡಿದೆ. 1982ರ ತೆರಿಗೆ ಒಪ್ಪಂದದ ಮಹಿಮೆ ಇದು: ಅಲ್ಲೊಂದು ಕಂಪನಿ ನೋಂದಾಯಿಸಿ ಅದರ ಮೂಲಕ ಇಲ್ಲಿ ಹೂಡಿದರೆ, ಪಾಲು ಮಾರಿದ ಲಾಭಕ್ಕೆ ಇಲ್ಲಿ ತೆರಿಗೆ ಇರಲಿಲ್ಲ, ಅಲ್ಲಂತೂ ಇರಲೇ ಇಲ್ಲ. ಹಾಗಾಗಿ ನ್ಯೂಯಾರ್ಕಿನ ದುಡ್ಡೂ ಅಲ್ಲಿ ಒಂದು ರಾತ್ರಿ ತಂಗಿ ಬಂತು. ಮುಂಬಯಿ, ದಿಲ್ಲಿಗಳಿಂದ ಹೊರಟ ನಮ್ಮ ದುಡ್ಡೂ ಒಂದಿಷ್ಟು ಅಲ್ಲಿ ಕೋಟು ಬದಲಿಸಿಕೊಂಡು ವಿದೇಶಿಯಾಗಿ ಮರಳಿತು. 2016ರಲ್ಲಿ ಒಪ್ಪಂದ ತಿದ್ದಿದರು. ಮಾರಿಷಸ್ ಕೆಳಗಿಳಿಯಿತು, ಸಿಂಗಪುರ ಮೇಲೇರಿತು.

ತೆರಿಗೆಯ ಮಾತು ಬಂದಾಗ ವೊಡಾಫೋನ್ ಬಿಡುವಂತಿಲ್ಲ. 2007ರಲ್ಲಿ ಹಚಿಸನ್‌ನ ಭಾರತದ ಪಾಲನ್ನು ವಿದೇಶದಲ್ಲೇ ಕೊಂಡ ಆ ಕಂಪನಿಗೆ ನಮ್ಮವರು ತೆರಿಗೆ ಹಾಕಿದರು. 2012ರಲ್ಲಿ ಸುಪ್ರೀಂ ಕೋರ್ಟ್ ಹಾಕುವಂತಿಲ್ಲ ಎಂದಿತು. ಅದೇ ವರ್ಷ ಸರ್ಕಾರ, ಕಾನೂನನ್ನು ಹಿಂದಿನ ತಾರೀಖಿನಿಂದ ತಿದ್ದಿತು. ಆಟ ಮುಗಿದ ಮೇಲೆ ನಿಯಮ ಬದಲಿಸಿದ ಈ ಒಂದು ಕೆಲಸ ನಮ್ಮ ಹೆಸರು ಕೆಡಿಸಿದಷ್ಟು ರೈತ ಸಂಘದ ಕಲ್ಲು ಕೆಡಿಸಲಿಲ್ಲ. ಇದೇ ಕಾನೂನಿನಡಿ ಸಿಕ್ಕಿಬಿದ್ದ ಕೇರ್ನ್ ಕಂಪನಿ ಅಂತರರಾಷ್ಟ್ರೀಯ ಪಂಚಾಯಿತಿಯಲ್ಲಿ ಗೆದ್ದು, ಪ್ಯಾರಿಸ್ಸಿನಲ್ಲಿದ್ದ ಭಾರತ ಸರ್ಕಾರದ ಆಸ್ತಿಗಳಿಗೇ ಜಪ್ತಿ ಆದೇಶ ತಂದಿತು. 2021ರಲ್ಲಿ ತಿದ್ದುಪಡಿಯನ್ನು ವಾಪಸು ಪಡೆದರು. ಮ್ಯಾನೇಜರರ ಪ್ರಕಾರ ಸಾಲಗಾರನ ಮನೆಗೆ ಜಪ್ತಿಗೆ ಹೋದ ಅನುಭವವಿರುವ ಯಾರನ್ನಾದರೂ ಮೊದಲೇ ಕೇಳಿದ್ದರೆ ಇಷ್ಟಾಗುತ್ತಿರಲಿಲ್ಲ.

ಈಗ ಮುಖ್ಯ ಮಾತು. 2024–25ರಲ್ಲಿ ಭಾರತಕ್ಕೆ ಬಂದ ಒಟ್ಟು ವಿದೇಶಿ ನೇರ ಹೂಡಿಕೆ ಸುಮಾರು 8,100 ಕೋಟಿ ಡಾಲರ್. ಹಿಂದಿನ ವರ್ಷಕ್ಕಿಂತ ಹೆಚ್ಚು, ಪತ್ರಿಕೆಯಲ್ಲಿ ಮೊದಲ ಪುಟ. ಒಳಪುಟದಲ್ಲಿದ್ದದ್ದು ಇನ್ನೊಂದು ಅಂಕಿ: ಅದೇ ವರ್ಷ ಹಳೆಯ ಹೂಡಿಕೆದಾರರು ಪಾಲು ಮಾರಿ ವಾಪಸು ಒಯ್ದದ್ದು 5,100 ಕೋಟಿಗೂ ಹೆಚ್ಚು. ನಮ್ಮ ಕಂಪನಿಗಳು ಹೊರದೇಶಗಳಲ್ಲಿ ಹೂಡಿದ್ದು ಸುಮಾರು 2,900 ಕೋಟಿ. ಕಳೆದು ನೋಡಿದರೆ ಉಳಿದದ್ದು 100 ಕೋಟಿ ಡಾಲರಿಗೂ ಕಡಿಮೆ. 2020–21ರಲ್ಲಿ ಈ ಉಳಿಕೆ 4,400 ಕೋಟಿ ಡಾಲರ್ ಸಮೀಪ ಇತ್ತು. ಮ್ಯಾನೇಜರರಿಗೆ ಇದನ್ನು ಓದಿ ಹೇಳಿದಾಗ ಅವರು ಕಾಫಿ ಲೋಟ ಕೆಳಗಿಟ್ಟರು. "ಠೇವಣಿ ಎಷ್ಟು ಬಂತು ಅಂತ ಬೋರ್ಡು ಹಾಕುವ ಬ್ರಾಂಚು, ಎಷ್ಟು ವಿತ್‌ಡ್ರಾ ಆಯ್ತು ಅಂತ ಹಾಕುವುದಿಲ್ಲ ಮಾಸ್ಟ್ರೇ. ನಾನೂ ಹಾಕಿಲ್ಲ."

ಹಾಗಾದರೆ ಎಲ್ಲರೂ ಓಡಿಹೋಗುತ್ತಿದ್ದಾರೆಯೇ? ರಿಸರ್ವ್ ಬ್ಯಾಂಕು, ಇದು ಪಕ್ವವಾದ ಮಾರುಕಟ್ಟೆಯ ಲಕ್ಷಣ, ಇಲ್ಲಿ ಬರುವುದೂ ಸಲೀಸು, ಹೋಗುವುದೂ ಸಲೀಸು ಎಂಬ ಅರ್ಥದ ಸಮಾಧಾನ ಹೇಳಿತು. ಅರ್ಧ ನಿಜ. ಹ್ಯುಂಡೈ ನೋಡಿ. 1990ರ ದಶಕದಲ್ಲಿ ಶ್ರೀಪೆರಂಬುದೂರಿನ ಹತ್ತಿರ ಕಾರ್ಖಾನೆ ಹಾಕಿ, ಸ್ಯಾಂಟ್ರೊ ಮಾರಿ ಬೆಳೆಯಿತು. 2024ರ ಅಕ್ಟೋಬರಿನಲ್ಲಿ ಭಾರತದ ಘಟಕದ ಷೇರುಗಳನ್ನು ಸಾರ್ವಜನಿಕರಿಗೆ ಮಾರಿತು: 27,870 ಕೋಟಿ ರೂಪಾಯಿ. ಹೊಸ ಷೇರು ಒಂದೂ ಇಲ್ಲ. ಅಷ್ಟೂ ದುಡ್ಡು ಸೋಲ್‌ನ ತಾಯಿ ಕಂಪನಿಗೆ. ಮರುವರ್ಷ ಎಲ್‌ಜಿ ಹಾಗೆಯೇ 11,607 ಕೋಟಿ ಎತ್ತಿತು. ಪುಸ್ತಕದಲ್ಲಿ ಇದು ಬಂಡವಾಳದ ನಿರ್ಗಮನ. ಆದರೆ ಕಾರ್ಖಾನೆ ಇದ್ದಲ್ಲೇ ಇದೆ, ಹ್ಯುಂಡೈಯಲ್ಲಿ ಶೇ 82.5 ಪಾಲು ಈಗಲೂ ಕೊರಿಯಾದವರದೇ. ಒಬ್ಬ ಅಳಿಯ ಇಪ್ಪತ್ತೈದು ವರ್ಷದ ಮೇಲೆ ತನ್ನ ತಾಯಿಗೆ ದುಡ್ಡು ಕಳಿಸಿದರೆ ಮನೆ ಬಿಟ್ಟ ಎನ್ನುವಂತಿಲ್ಲ. ನನಗೆ ಚಿಂತೆಯಾಗುವುದು ಬೇರೆ ಕಾರಣಕ್ಕೆ. ಇಲ್ಲಿ ಷೇರಿಗೆ ಇಷ್ಟು ಒಳ್ಳೆಯ ಬೆಲೆ ಸಿಗುವಾಗ, ಹೊಸ ಕಾರ್ಖಾನೆ ಕಟ್ಟುವುದಕ್ಕಿಂತ ಹಳೆಯದರ ಪಾಲು ಮಾರುವುದೇ ಲಾಭ ಎಂದು ಹೊರಗಿನವರಿಗೂ ಒಳಗಿನವರಿಗೂ ಅನ್ನಿಸಿಬಿಟ್ಟರೆ? ಕಬ್ಬಿಣ ಉಜ್ಜುವ ಕೆಲಸಕ್ಕೆ ಹುಡುಗರನ್ನು ಯಾರು ಕೂರಿಸುತ್ತಾರೆ?

ಅಂಕಿಯೊಂದೇ ನೋಡಿದರೆ ಮೋಸ ಹೋಗುತ್ತೇವೆ ಎಂಬುದಕ್ಕೆ ನಮ್ಮ ಕೋಲಾರದ ನರಸಾಪುರವೇ ಸಾಕ್ಷಿ. ತೈವಾನಿನ ವಿಸ್ಟ್ರಾನ್ ಅಲ್ಲಿ ಐಫೋನ್ ಜೋಡಿಸುವ ಕಾರ್ಖಾನೆ ತೆರೆದಾಗ ಸಂಭ್ರಮ. 2020ರ ಡಿಸೆಂಬರ್ 12ರಂದು, ಸಂಬಳ ಸರಿಯಾಗಿ ಬರಲಿಲ್ಲ ಎಂದು ಗುತ್ತಿಗೆ ಕಾರ್ಮಿಕರು ಸಿಟ್ಟಿಗೆದ್ದು ಕಾರ್ಖಾನೆ ಪುಡಿಗಟ್ಟಿದರು. ಹೂಡಿಕೆ ಹೆದರಿ ಓಡುತ್ತದೆ ಎಂದು ಟಿವಿಯಲ್ಲಿ ಕಿರುಚಿದ್ದೇ ಕಿರುಚಿದ್ದು. ಸಂಬಳ ಕೊಡುವುದರಲ್ಲಿ ತಪ್ಪಾಗಿದೆ ಎಂದು ಕಂಪನಿಯೇ ಕೆಲವು ದಿನಕ್ಕೆ ಒಪ್ಪಿಕೊಂಡಿತು. 2023ರಲ್ಲಿ ಟಾಟಾದವರು ಆ ಘಟಕವನ್ನು 12.5 ಕೋಟಿ ಡಾಲರಿಗೆ ಕೊಂಡರು. ಲೆಕ್ಕದಲ್ಲಿ ತೈವಾನಿನ ಬಂಡವಾಳ ಹೋಯಿತು, ಅದು ನಷ್ಟದ ಕಾಲಂ. ನರಸಾಪುರದಲ್ಲಿ ಅದೇ ಶೆಡ್ಡು, ಪಾಳಿ ಬಿಟ್ಟಾಗ ಅದೇ ಬಸ್ಸುಗಳ ಸಾಲು, ಅದೇ ಹೆಣ್ಣುಮಕ್ಕಳು.

ಆ 2,900 ಕೋಟಿ ಡಾಲರ್ ನೆನಪಿದೆಯಲ್ಲ, ನಮ್ಮವರು ಹೊರಗೆ ಹೂಡಿದ್ದು? ಈಗ ನಾವೂ ಯಾರದೋ ಊರಿನ ವಿದೇಶಿ ಕಂಪನಿ. ಟಾಟಾ ಸ್ಟೀಲ್ 2007ರಲ್ಲಿ ಕೋರಸ್ ಕೊಂಡಿತು, ಅದರ ಜತೆ ವೇಲ್ಸ್‌ನ ಪೋರ್ಟ್ ಟಾಲ್ಬಟ್ ಊರಿನ ಉಕ್ಕಿನ ಕಾರ್ಖಾನೆಯೂ ಬಂತು. ಊರೆಂದರೆ ಕಾರ್ಖಾನೆ, ಕಾರ್ಖಾನೆಯೆಂದರೆ ಊರು, ನಮ್ಮ ಭದ್ರಾವತಿಯ ಹಾಗೆ. ನಷ್ಟ ಎಂದು 2024ರ ಸೆಪ್ಟೆಂಬರ್ 30ರಂದು ಅಲ್ಲಿಯ ಕೊನೆಯ ಊದುಕುಲುಮೆ ಆರಿಸಿದರು. ಬ್ರಿಟನ್ನಿನಲ್ಲಿ ಒಟ್ಟು 2,800ರಷ್ಟು ಕೆಲಸಕ್ಕೆ ಕುತ್ತು. ವಿದ್ಯುತ್ ಕುಲುಮೆ ಹಾಕಲು ಬ್ರಿಟಿಷ್ ಸರ್ಕಾರವೇ ಮುಂಬಯಿಯ ಕಂಪನಿಗೆ 50 ಕೋಟಿ ಪೌಂಡ್ ಕೊಡುತ್ತಿದೆ. ಹೊರಗಿನ ಕಂಪನಿಗೆ ನಮ್ಮ ಊರಿನ ಕಷ್ಟ ಏನು ಗೊತ್ತು ಎಂದು ಅಲ್ಲಿಯ ಕಾರ್ಮಿಕರು ಬೀದಿಗಿಳಿದರು.

"ನಂಜುಂಡಸ್ವಾಮಿಯವರು ಇದ್ದಿದ್ದರೆ ಅಲ್ಲಿಗೆ ಕಳಿಸಬಹುದಿತ್ತು ಮಾರಾಯ್ರೆ" ಎಂದರು ಮ್ಯಾನೇಜರರು.

ಯಾರ ಕಡೆಯಿಂದ ಸಾರ್ ಎಂದು ಕೇಳಿದೆ.

"ಕಾರ್ಮಿಕರ ಕಡೆಯಿಂದ, ಮತ್ತೆಂತ! ಆದರೆ ನನ್ನ ಹತ್ತಿರ ಟಾಟಾ ಸ್ಟೀಲ್ ಷೇರು ಸ್ವಲ್ಪ ಇದೆ. ಅವರು ವಿಮಾನ ಹತ್ತುವ ಮೊದಲು ಒಂದು ಮಾತು ಹೇಳಿ, ಮಾರಿಬಿಡ್ತೇನೆ."